ಬಿಎಸ್ಸಿ ಲ್ಯಾಬಿಗೆ ಹಿರಿಯಣ್ಣ ಬೇಕೆಂದು ಸರ್ಕಾರಕ್ಕೆ ಹೊಳೆದದ್ದು

ಬಿಎಸ್ಸಿ ಓದಿದವರಿಗೆಲ್ಲ ಗೊತ್ತಿರುವ ಗುಟ್ಟು ಇದು: ಪ್ರಾಕ್ಟಿಕಲ್‌ನ ಉತ್ತರ ಪ್ರಯೋಗಕ್ಕೆ ಮೊದಲೇ ಸಿಕ್ಕಿರುತ್ತದೆ. ನಮ್ಮ ಕಾಲೇಜಿನಲ್ಲಿ ಸೀನಿಯರ್‌ಗಳ ರೆಕಾರ್ಡ್ ಬುಕ್ ಕೈಯಿಂದ ಕೈಗೆ ದಾಟುತ್ತಿತ್ತು. ದ್ರಾವಣ ಅಳೆದು ಬಿಡುವ ಗಾಜಿನ ಕೊಳವೆ ಬ್ಯುರೆಟ್‌ನ ರೀಡಿಂಗ್ ಅದರಲ್ಲಿ 9.8 ಎಂದಿದ್ದರೆ ನಮಗೂ 9.8 ಬರುತ್ತಿತ್ತು, ಬಾರದಿದ್ದರೆ ಬರಿಸುತ್ತಿದ್ದೆವು. ಮೂಲೆಯಲ್ಲಿ ಬಟ್ಟೆ ಹೊದ್ದ ಸ್ಪೆಕ್ಟ್ರೋಫೋಟೋಮೀಟರ್, ಅಂದರೆ ದ್ರಾವಣ ಎಷ್ಟು ಬೆಳಕು ಹೀರುತ್ತದೆಂದು ಅಳೆಯುವ ಯಂತ್ರ, ಒಂದಿತ್ತು. ಮೂರು ವರ್ಷದಲ್ಲಿ ಆ ಬಟ್ಟೆ ಸರಿದದ್ದು ಒಮ್ಮೆ ಮಾತ್ರ, ತಪಾಸಣೆಯವರು ಬಂದ ದಿನ. ಇಂಥ ಲ್ಯಾಬಿಗೆ ಪಳಗಿದ ಕಾಲೇಜೊಂದನ್ನು ಮಾರ್ಗದರ್ಶಿಯಾಗಿ ಜೋಡಿಸುವ ಸರ್ಕಾರದ ಯೋಜನೆಯ ಮಾತು ಇದು.

ಲ್ಯಾಬುಗಳ ಈ ಅವಸ್ಥೆಯ ಬೇರು 1857ರಷ್ಟು ಹಳೆಯದು. ಆ ವರ್ಷ ಹುಟ್ಟಿದ ಕಲ್ಕತ್ತಾ, ಬಾಂಬೆ, ಮದ್ರಾಸ್ ವಿಶ್ವವಿದ್ಯಾಲಯಗಳು ಪಾಠ ಹೇಳುವ ಜಾಗಗಳೇ ಆಗಿರಲಿಲ್ಲ. ಲಂಡನ್ ಮಾದರಿಯಲ್ಲಿ ಪರೀಕ್ಷೆ ನಡೆಸಿ ಪದವಿ ಕೊಡುವುದಷ್ಟೇ ಅವುಗಳ ಕೆಲಸ. ಪಾಠ ಸಂಯೋಜಿತ ಕಾಲೇಜುಗಳ ಪಾಲು. ಮುಂದೆ ಸಂಶೋಧನೆ ಬೆಳೆದದ್ದು ವಿಶ್ವವಿದ್ಯಾಲಯಗಳ ಸ್ನಾತಕೋತ್ತರ ವಿಭಾಗಗಳಲ್ಲಿ, ಸ್ವಾತಂತ್ರ್ಯದ ನಂತರ ಸರ್ಕಾರಿ ಸಂಶೋಧನಾ ಮಂಡಳಿಯಾದ ಸಿಎಸ್‌ಐಆರ್‌ನಂಥ ಸಂಸ್ಥೆಗಳ ಪ್ರಯೋಗಾಲಯಗಳಲ್ಲಿ. ವಿಜ್ಞಾನ ಕಲಿಯುವ ಜಾಗಕ್ಕೂ ವಿಜ್ಞಾನ ನಡೆಯುವ ಜಾಗಕ್ಕೂ ನಡುವೆ ಗೋಡೆ ಎದ್ದುಬಿಟ್ಟಿತು.

ಗೋಡೆಗೆ ಕಿಂಡಿ ಕೊರೆಯುವ ಯತ್ನವೂ ಹೊಸದೇನಲ್ಲ. 1960ರ ದಶಕದಲ್ಲಿ ಅಧ್ಯಾಪಕರಿಗೆ ಅಮೆರಿಕದ ನೆರವಿನ ಬೇಸಿಗೆ ತರಬೇತಿಗಳು ನಡೆದವು. 1970ರ ಹೊತ್ತಿಗೆ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ‘ಕಾಸಿಪ್’ ಎಂಬ ಕಾಲೇಜು ವಿಜ್ಞಾನ ಸುಧಾರಣಾ ಯೋಜನೆ ತಂದಿತು. ಅದರ ಜೊತೆಗೇ ವಿಶ್ವವಿದ್ಯಾಲಯದ ಒಂದು ವಿಭಾಗ ತನ್ನ ಕಾಲೇಜುಗಳನ್ನು ಕೈಹಿಡಿದು ನಡೆಸುವ ಯೋಜನೆಯೂ ಇತ್ತು. ಈಗ ‘ಮೆಂಟರ್‌ಶಿಪ್’ ಎಂದು ಹೊಸದಾಗಿ ಕೇಳಿಸುವುದರ ಅಜ್ಜ ಅದು.

2008ರಲ್ಲಿ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಸ್ಟಾರ್ ಕಾಲೇಜು ಯೋಜನೆ ಆರಂಭಿಸಿತು. ಹಣ ಪದವಿ ತರಗತಿಯ ಲ್ಯಾಬಿಗೇ ನೇರವಾಗಿ. ಇಲಾಖೆಯ ಹೆಸರಲ್ಲಿ ಜೀವವಿಜ್ಞಾನವಿದ್ದರೂ ಭೌತ, ರಸಾಯನ ವಿಭಾಗಗಳಿಗೂ ಪಾಲುಂಟು. ಉಪಕರಣಕ್ಕೆ ಒಂದು ಬಾಬ್ತು; ರಾಸಾಯನಿಕ, ಗಾಜಿನ ಸಾಮಾನು, ಸಂಶೋಧನಾಲಯ ಭೇಟಿಗಳಿಗೆ ವರ್ಷವರ್ಷವೂ ಇನ್ನೊಂದು. ನನ್ನ ಲೆಕ್ಕದಲ್ಲಿ ಎರಡನೆಯದೇ ಮುಖ್ಯ. ಯಂತ್ರ ಕೊಳ್ಳಲು ದುಡ್ಡು ಹೇಗೋ ಹುಟ್ಟುತ್ತದೆ, ಅದರೊಳಗೆ ದ್ರಾವಣ ಇಡುವ ಪುಟ್ಟ ಪಾತ್ರೆ ಕ್ಯೂವೆಟ್ ಒಡೆದರೆ ಹುಟ್ಟುವುದಿಲ್ಲ.

ಅರ್ಜಿ ಬರೆಯುವುದೂ ಒಂದು ವಿದ್ಯೆ, ಅದು ನಗರದ ಹಳೇ ಕಾಲೇಜುಗಳಿಗೆ ಚೆನ್ನಾಗಿ ಗೊತ್ತು. ಹೀಗಾಗಿ 2018–19ರಲ್ಲಿ ಗ್ರಾಮೀಣ ಕಾಲೇಜುಗಳಿಗೇ ಬೇರೆ ವಿಭಾಗ ಮಾಡಿದರು. 2021ರ ಜೂನ್‌ನಲ್ಲಿ ಮಾರ್ಗದರ್ಶನ ಕಾರ್ಯಕ್ರಮ ಬಂತು: ಯೋಜನೆಯಲ್ಲಿ ಪಳಗಿದ ಕಾಲೇಜು ಹೊಸಬರಿಗೆ ಹಿರಿಯಣ್ಣನಾಗಬೇಕು, ಜಿಲ್ಲೆಗೊಂದು ಸ್ಟಾರ್ ಕಾಲೇಜು ಎಂಬುದು ಗುರಿ. ಆಗ ನೆರವು ಪಡೆಯುತ್ತಿದ್ದ ಕಾಲೇಜುಗಳು 278.

ಇದಕ್ಕೆ ಎರಡು ವರ್ಷ ಮೊದಲೇ, 2019ರಲ್ಲಿ, ಯುಜಿಸಿ ‘ಪರಾಮರ್ಶ್’ ತಂದಿತ್ತು. ಮಾರ್ಗದರ್ಶಿ ಸಂಸ್ಥೆಗೆ 30 ಲಕ್ಷ ರೂಪಾಯಿವರೆಗೆ ನೆರವು. ಆದರೆ ಅದರ ಕಣ್ಣು ಕಾಲೇಜುಗಳಿಗೆ ದರ್ಜೆ ಕೊಡುವ ನ್ಯಾಕ್ ಸಂಸ್ಥೆಯ ಮಾನ್ಯತೆಯ ಮೇಲಿತ್ತು. ಫೈಲು ಜೋಡಿಸುವುದನ್ನು ಹೇಳಿಕೊಡುವುದೂ ಉಪಕಾರವೇ, ಲ್ಯಾಬಿನ ಮಾತು ಮಾತ್ರ ಬೇರೆ.

ಲ್ಯಾಬಿನಲ್ಲಿ ಹೇಳಿಕೊಡುವುದೆಂದರೆ ಏನು? ಅದೇ ಸ್ಪೆಕ್ಟ್ರೋಫೋಟೋಮೀಟರ್ ತೆಗೆದುಕೊಳ್ಳಿ. ದ್ರಾವಣದ ಸಾಂದ್ರತೆ ಏರಿದಂತೆ ಬೆಳಕಿನ ಹೀರಿಕೆಯೂ ನೇರ ಗೆರೆಯಲ್ಲಿ ಏರುತ್ತದೆ ಎನ್ನುವುದು ಬಿಯರ್–ಲ್ಯಾಂಬರ್ಟ್ ನಿಯಮ. ರೆಕಾರ್ಡ್ ಬುಕ್ಕಿನಲ್ಲಿ ಆ ಗೆರೆ ಸದಾ ನೆಟ್ಟಗೆ. ಸಾಂದ್ರತೆ ತೀರಾ ಹೆಚ್ಚಿಸಿ ನೋಡಿದರೆ ಗೆರೆ ಬಾಗುತ್ತದೆ. ‘ತಪ್ಪು ಬಂತು ಸರ್’ ಎನ್ನುವ ಹುಡುಗಿಗೆ ‘ತಪ್ಪಲ್ಲ, ಯಾಕೆ ಬಾಗಿತು ಹೇಳು’ ಎನ್ನಲು, ಹಿಂದೆಂದೋ ತಾನೂ ಅದನ್ನು ಬಾಗಿಸಿ ನೋಡಿದ ಮೇಷ್ಟ್ರು ಬೇಕು. ಆ ಧೈರ್ಯ ಸುತ್ತೋಲೆಯಿಂದ ಬರುವುದಿಲ್ಲ, ಪಕ್ಕದಲ್ಲಿ ನಿಂತು ಮಾಡಿದವರಿಂದ ಬರುತ್ತದೆ.

ತೊಡಕಿರುವುದೂ ಅಲ್ಲೇ. ನಮ್ಮ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಪಾಠದ ದೊಡ್ಡ ಹೊರೆ ಅತಿಥಿ ಉಪನ್ಯಾಸಕರ ಮೇಲಿದೆ. ಈ ವರ್ಷ ಹಿರಿಯ ಕಾಲೇಜಿನ ಬೆಂಚಿನಲ್ಲಿ ನಿಂತು ಕಲಿತು ಬಂದವರು ಮುಂದಿನ ವರ್ಷ ಅದೇ ಲ್ಯಾಬಿನಲ್ಲಿ ಇರುತ್ತಾರೋ ಇಲ್ಲವೋ, ಅತಿಥಿಗಳ ನೇಮಕದ ಕೌನ್ಸೆಲಿಂಗ್ ಪಟ್ಟಿ ಬಂದ ಮೇಲೆಯೇ ಗೊತ್ತಾಗುವುದು.