ಹೊಸ ವಿಳಾಸ ಹರಡುವುದಿಲ್ಲ, ಹಳೆಯದು ಆರುತ್ತದೆ

ಜಾಲತಾಣವನ್ನು ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಸಾಗಿಸಿದವರಿಗೆಲ್ಲ ಈ ಮಂತ್ರೋಪದೇಶ ಆಗಿಯೇ ಇರುತ್ತದೆ: ‘ಹೊಸ ವಿಳಾಸ ಜಗತ್ತಿಗೆಲ್ಲ ಹರಡಲು 24ರಿಂದ 48 ಗಂಟೆ ಬೇಕು, ಕಾಯಿರಿ.’ ಕಾಯುವವರಿಗೆ ವ್ರತಗಳೂ ಉಂಟು. ಪುಟವನ್ನು ಹತ್ತು ಸಲ ರಿಫ್ರೆಶ್ ಮಾಡುವುದು, ರೂಟರ್ ಆರಿಸಿ ಮತ್ತೆ ಹಾಕುವುದು, ಗೆಳೆಯರಿಗೆ ಫೋನ್ ಮಾಡಿ ‘ನಿಮಗೆ ಕಾಣಿಸಿತೇ?’ ಎಂದು ಕೇಳುವುದು. ನನಗೆ ಸಿಟ್ಟಿರುವುದು ಆ ‘ಹರಡಲು’ ಎಂಬ ಮಾತಿನ ಮೇಲೆ. ವಿಳಾಸ ಎಂದರೆ ಇಲ್ಲಿ ತಾಣದ ಹೆಸರಲ್ಲ, ಆ ಹೆಸರಿನ ಹಿಂದಿರುವ ಸರ್ವರ್‌ನ ಅಂಕಿಗಳ ಗುರುತು. ಹೊಸ ವಿಳಾಸವನ್ನು ಹೊತ್ತು ಯಾರೂ ಡಂಗುರ ಸಾರುತ್ತ ಹೊರಡುವುದಿಲ್ಲ. ಅದು ಒಂದು ಕಡೆ ತೆಪ್ಪಗೆ ಕುಳಿತಿರುತ್ತದೆ, ಕೇಳಿದವರಿಗಷ್ಟೇ ಬಾಯಿ ಬಿಡುತ್ತದೆ.

ನಿಜವಾಗಿಯೂ ಹರಡುತ್ತಿದ್ದ ಕಾಲವೊಂದಿತ್ತು. ಅಂತರಜಾಲದ ಪೂರ್ವಜ ಅರ್ಪಾನೆಟ್‌ನ ದಿನಗಳಲ್ಲಿ ಜಾಲದ ಎಲ್ಲ ಕಂಪ್ಯೂಟರ್‌ಗಳ ಹೆಸರು, ವಿಳಾಸ ಒಂದೇ ಕಡತದಲ್ಲಿದ್ದವು. ಅದರ ಹೆಸರು ‘ಹೋಸ್ಟ್ಸ್’. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಮುನ್ನಡೆಸುತ್ತಿದ್ದ ತಂಡ ಅದನ್ನು ನೋಡಿಕೊಳ್ಳುತ್ತಿತ್ತು. ಹೊಸ ಯಂತ್ರ ಬಂದರೆ ಅವರಿಗೆ ತಿಳಿಸಬೇಕು, ಅವರು ಕಡತ ತಿದ್ದಬೇಕು, ಉಳಿದವರೆಲ್ಲ ಅದರ ಪ್ರತಿ ಇಳಿಸಿಕೊಳ್ಳಬೇಕು. ಜಾಲ ಬೆಳೆದಂತೆ, ಪ್ರತಿ ಕೈಸೇರುವ ಹೊತ್ತಿಗೇ ಅದು ಹಳತಾಗಿರುತ್ತಿತ್ತು. 1983ರಲ್ಲಿ ಪಾಲ್ ಮಾಕಪೆಟ್ರಿಸ್ ಈ ಏರ್ಪಾಡನ್ನೇ ತಲೆಕೆಳಗು ಮಾಡಿದರು. ಇಡೀ ಪಟ್ಟಿ ಯಾರ ಬಳಿಯೂ ಬೇಡ, ತನ್ನ ತನ್ನ ಹೆಸರಿನ ಲೆಕ್ಕವನ್ನು ಅವರವರೇ ಇಟ್ಟುಕೊಳ್ಳಲಿ, ಬೇಕಾದವರು ಬೇಕಾದಾಗ ಕೇಳಲಿ. ಅದೇ ಡಿಎನ್‌ಎಸ್, ಅಂದರೆ ಡೊಮೈನ್ ನೇಮ್ ಸಿಸ್ಟಮ್.

ನಮ್ಮ ಪರವಾಗಿ ಕೇಳುವ ಕೆಲಸ ರಿಸಾಲ್ವರ್‌ನದು, ಸಾಮಾನ್ಯವಾಗಿ ನಮಗೆ ಅಂತರಜಾಲ ಸಂಪರ್ಕ ಕೊಡುವ ಸಂಸ್ಥೆ ನಡೆಸುವ ಸರ್ವರ್. ಅದು ಮೊದಲು ಎಲ್ಲಕ್ಕೂ ಮೇಲಿನ ರೂಟ್ ಸರ್ವರ್‌ಗೆ, ಅಲ್ಲಿಂದ ‘ಕಾಮ್’ನಂಥ ವಿಭಾಗದ ಸರ್ವರ್‌ಗೆ, ಕೊನೆಗೆ ಆ ಹೆಸರಿನ ಲೆಕ್ಕ ಇಟ್ಟುಕೊಂಡಿರುವ ನೇಮ್ ಸರ್ವರ್‌ಗೆ ಹೋಗಿ ವಿಳಾಸ ತರುತ್ತದೆ. (ಇಡೀ ಅಂತರಜಾಲ ಹದಿಮೂರು ಕಂಪ್ಯೂಟರ್‌ಗಳ ಮೇಲೆ ನಿಂತಿದೆ ಎನ್ನುವವರಿಗೆ ಒಂದು ಮಾತು: ಹದಿಮೂರು ಇರುವುದು ರೂಟ್ ಸರ್ವರ್‌ಗಳ ಹೆಸರುಗಳು. ಅವುಗಳ ಪಟ್ಟಿ ಹೊತ್ತ ಉತ್ತರ 512 ಬೈಟ್‌ಗಳಲ್ಲಿ ಹಿಡಿಸಬೇಕಾಗಿತ್ತು, ಅದಕ್ಕೇ ಆ ಮಿತಿ. ಆ ಹೆಸರುಗಳ ಹಿಂದೆ ಸಾವಿರಕ್ಕೂ ಹೆಚ್ಚು ಯಂತ್ರಗಳಿವೆ.)

ಪ್ರತಿ ಸಲವೂ ಇಷ್ಟು ಅಲೆಯುವುದು ದಂಡವಲ್ಲವೇ? ಆದ್ದರಿಂದ ರಿಸಾಲ್ವರ್ ಉತ್ತರವನ್ನು ನೆನಪಿಟ್ಟುಕೊಳ್ಳುತ್ತದೆ. ಎಷ್ಟು ಹೊತ್ತು ಎಂಬುದನ್ನು ಹೇಳುವ ಟಿಟಿಎಲ್ ಎಂಬ ಸಂಖ್ಯೆ ಉತ್ತರದ ಬೆನ್ನಿಗೇ ಬರುತ್ತದೆ, ಸೆಕೆಂಡುಗಳ ಲೆಕ್ಕದಲ್ಲಿ. ಇದನ್ನು ಮಾತ್ರೆ ಪಟ್ಟಿಯ ಮೇಲಿನ ಅವಧಿಗೆ ಹೋಲಿಸುವುದುಂಟು. ಹೋಲಿಕೆ ಅರ್ಧ ಮಾತ್ರ ಸರಿ. ಒಂದೇ ಬ್ಯಾಚಿನ ಮಾತ್ರೆಗಳ ಅವಧಿ ಎಲ್ಲೆಡೆಯೂ ಒಂದೇ ದಿನ ಮುಗಿಯುತ್ತದೆ. ಇಲ್ಲಿ ಗಡಿಯಾರ ಓಡತೊಡಗುವುದು ಕೇಳಿದ ಗಳಿಗೆಯಿಂದ. ಹಾಗಾಗಿ ಒಂದೇ ಅಳತೆಯ ಮೇಣದಬತ್ತಿಗಳನ್ನು ನೆನೆಸಿಕೊಳ್ಳಿ, ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಹೊತ್ತಿಸಿದ್ದು. ಉರಿಯುವಷ್ಟು ಹೊತ್ತು ಹಳೆಯ ವಿಳಾಸವೇ ಬೆಳಕು. ಆರಿದ ಮೇಲೆ ಯಾರಾದರೂ ಕೇಳಿದರೆ ರಿಸಾಲ್ವರ್ ಹೊಸತನ್ನು ತಂದು ಹಚ್ಚುತ್ತದೆ. ದೂರದಿಂದ ನೋಡಿದವರಿಗೆ, ಒಂದೊಂದೇ ಕಿಟಕಿಯ ಬೆಳಕಿನ ಬಣ್ಣ ಬದಲಾಗುತ್ತ ಹೋಗಿ, ಏನೋ ಹರಡುತ್ತಿದೆ ಎಂಬ ಭ್ರಮೆ. ಗೆಳೆಯನಿಗೆ ಕಂಡ ಹೊಸ ತಾಣ ನಿಮಗೆ ಕಾಣದಿದ್ದರೆ ಅವನ ಬತ್ತಿ ಮೊದಲು ಆರಿತು, ಅಷ್ಟೇ.

ನಂಬದವರು ಕಂಪ್ಯೂಟರ್‌ಗೆ ‘ಡಿಗ್’ ಎಂಬ ಆದೇಶ ಕೊಟ್ಟು ನೋಡಬಹುದು, ಅದು ರಿಸಾಲ್ವರ್‌ನ ಉತ್ತರವನ್ನೂ ಉಳಿದಿರುವ ಟಿಟಿಎಲ್ ಅನ್ನೂ ತೋರಿಸುತ್ತದೆ. ಕಳೆದ ಸಲ ನಾನು ತಾಣ ಸಾಗಿಸಿದಾಗ ಅದನ್ನೇ ಹಿಡಿದು ಕುಳಿತಿದ್ದೆ. ಹಳೆಯ ವಿಳಾಸದ ಪಕ್ಕ 212 ಇತ್ತು. ಮತ್ತೆ ಕೇಳಿದೆ, 190. ಆಮೇಲೆ 141, 67, 9. ಇನ್ನೊಮ್ಮೆ ಕೇಳಿದಾಗ ವಿಳಾಸ ಹೊಸದು, ಪಕ್ಕದಲ್ಲಿ ತುಂಬು 300. ಎಷ್ಟು ರಿಫ್ರೆಶ್ ಮಾಡಿದ್ದರೂ ಆ 212 ಸೆಕೆಂಡುಗಳಲ್ಲಿ ಒಂದೂ ಕಡಿಮೆಯಾಗುತ್ತಿರಲಿಲ್ಲ.

ಹಾಗಾದರೆ 48 ಗಂಟೆ ಶುದ್ಧ ಸುಳ್ಳೇ? ಅಲ್ಲ. ತಾಣದ ವಿಳಾಸವಲ್ಲ, ನೇಮ್ ಸರ್ವರನ್ನೇ ಬದಲಾಯಿಸಿದರೆ ಆ ಸುದ್ದಿ ಇರುವುದು ‘ಕಾಮ್’ ವಿಭಾಗದ ದಾಖಲೆಯಲ್ಲಿ. ಅದರ ಟಿಟಿಎಲ್ 1,72,800 ಸೆಕೆಂಡು, ಸರಿಯಾಗಿ ಎರಡು ದಿನ. ಆ ಒಂದು ಸಂದರ್ಭದ ಲೆಕ್ಕವನ್ನು ಎಲ್ಲದಕ್ಕೂ ಅನ್ವಯಿಸಿದ್ದೇ ತಪ್ಪು.

ಆತುರಗಾರರಿಗೆ ಇನ್ನೊಂದು ಪೆಟ್ಟು ಕಾದಿದೆ. ಹೊಸ ಹೆಸರನ್ನು ದಾಖಲಿಸುವ ಮೊದಲೇ ‘ಬಂತೇ?’ ಎಂದು ಇಣುಕಿದರೆ ರಿಸಾಲ್ವರ್ ‘ಅಂಥ ಹೆಸರಿಲ್ಲ’ ಎಂಬ ಉತ್ತರವನ್ನೂ ನೆನಪಿಟ್ಟುಕೊಳ್ಳುತ್ತದೆ. ಆಮೇಲೆ ದಾಖಲಿಸಿದರೂ ಆ ‘ಇಲ್ಲ’ದ ಅವಧಿ ತೀರುವವರೆಗೆ ಅದೇ ಉತ್ತರ. ಇಣುಕಿದ್ದಕ್ಕೇ ತಡವಾಯಿತು!

ಸಾಗಿಸುವವರಿಗೆ ಕೆಲಸ ಸಲೀಸು. ಟಿಟಿಎಲ್ 86,400 ಇದ್ದರೆ, ಒಂದು ದಿನ ಮುಂಚೆಯೇ 300ಕ್ಕೆ ಇಳಿಸಿ, ಆಮೇಲೆ ವಿಳಾಸ ಬದಲಿಸಿ. ಹಳೆಯ ಸರ್ವರನ್ನು ಕೆಲವು ದಿನ ನಡೆಯಲು ಬಿಡಿ. ಹೆಸರೇ ಬದಲಾದರೆ ಮಾತು ಬೇರೆ. ಆಗ ಹಳೆಯ ತಾಣವೇ ‘301’ ಎಂಬ ಸಂಕೇತ ಕೊಟ್ಟು ಬಂದವರನ್ನು ಹೊಸ ಹೆಸರಿಗೆ ಕಳಿಸಬೇಕು.

ಇಷ್ಟೆಲ್ಲ ಬಲ್ಲ ನಾನೇ ಆ ಸಲ ಬೇಸ್ತು ಬಿದ್ದೆ. ಎಲ್ಲರಿಗೂ ಹೊಸ ತಾಣ ಕಾಣುತ್ತಿದೆ, ‘ಡಿಗ್’ ಹೊಸ ವಿಳಾಸ ಹೇಳುತ್ತಿದೆ, ನನ್ನ ಬ್ರೌಸರ್ ಮಾತ್ರ ಹಳೆಯ ಸರ್ವರನ್ನೇ ತೋರಿಸುತ್ತಿದೆ. ಮರುದಿನ ಹೊಳೆಯಿತು. ಅದರ ಹಿಂದಿನ ಸಲ ಸಾಗಿಸುವಾಗ ಪರೀಕ್ಷೆಗೆಂದು ಆಗಿನ ವಿಳಾಸವನ್ನು ಕೈಯಾರೆ ಒಂದು ಕಡತದಲ್ಲಿ ಬರೆದು ಮರೆತಿದ್ದೆ. ಬ್ರೌಸರ್ ಡಿಎನ್‌ಎಸ್ ಕಡೆ ಹೋಗುವ ಮುನ್ನ ಆ ಕಡತವನ್ನು ನೋಡುತ್ತದೆ, ‘ಡಿಗ್’ ನೋಡುವುದಿಲ್ಲ. ಅಲ್ಲಿ ಬರೆದದ್ದಕ್ಕೆ ಟಿಟಿಎಲ್ ಇಲ್ಲ. ಇಂದಿಗೂ ಪ್ರತಿ ಕಂಪ್ಯೂಟರಿನಲ್ಲೂ ಇರುವ ಆ ಕಡತದ ಹೆಸರು ‘ಹೋಸ್ಟ್ಸ್’.