ಕಾಯಿ ತಪ್ಪಿದ ಗುಂಡು

ಕೈಲ್‌ಪೊಳ್ದ್ ಹಬ್ಬ ಬಂತೆಂದರೆ ಕೊಡಗಿನ ಮನೆಗಳಲ್ಲಿ ಕೋವಿಗೆ ಪೂಜೆ, ನಳಿಗೆಯ ಬಾಯಿಗೆ ತೋಕ್‌ಪೂ ಎಂಬ ಹೂವು. ಊಟ ಮುಗಿಸಿ ಮೈದಾನಕ್ಕೆ ಹೋದರೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಎಲ್ಲರ ಕಣ್ಣೂ ಕಾಯಿಯ ಮೇಲೆ. ನಾನು ನೋಡುವುದು ಕಾಯಿ ತಪ್ಪಿದ ಗುಂಡು ಎಲ್ಲಿಗೆ ಹೋಯಿತು ಅಂತ. ತೋಟದ ಮೂಲೆಯಲ್ಲಿ ಗುರಿ ಅಭ್ಯಾಸಕ್ಕೊಂದು ಜಾಗ ಮಾಡಿಕೊಳ್ಳೋಣ ಎನ್ನುವವರು ಮೊದಲು ನೋಡಬೇಕಾದದ್ದೂ ಅದನ್ನೇ. (ಕೋವಿಗೆ ಲೈಸೆನ್ಸ್ ವಿನಾಯಿತಿ ಇದ್ದ ಮಾತ್ರಕ್ಕೆ ಜಾಗಕ್ಕೂ ಇದೆ ಎಂದುಕೊಳ್ಳಬೇಡಿ, ಮೊದಲು ವಿಚಾರಿಸಿ.)

ಪಾಯಿಂಟ್ ಟೂ ಟೂ (0.22 ಇಂಚು ನಳಿಗೆಯ) ರೈಫಲ್ಲಿನ ಗುಂಡು ತೂಗುವುದು ಸುಮಾರು 2.6 ಗ್ರಾಂ, ವೇಗ ಸೆಕೆಂಡಿಗೆ ಹತ್ತಿರಹತ್ತಿರ 330 ಮೀಟರ್. ಲೆಕ್ಕ ಹಾಕಿದರೆ ಶಕ್ತಿ 140 ಜೂಲ್. ಒಂದು ಕಿಲೋದ ತೆಂಗಿನಕಾಯಿ 14 ಮೀಟರ್ ಎತ್ತರದಿಂದ ಬಿದ್ದಾಗಲೂ ಅಷ್ಟೇ ಶಕ್ತಿ! ಕಾಯಿ ಅದನ್ನು ಅಂಗೈಯಗಲಕ್ಕೆ ಹಂಚುತ್ತದೆ, ಗುಂಡು ತೊಗರಿಕಾಳಿನಗಲಕ್ಕೆ ತುರುಕುತ್ತದೆ. ಅಡ್ಡ ಏನೂ ಸಿಗದಿದ್ದರೆ ಆ ಪುಟ್ಟ ಸೀಸದ ಚೂರು ಸುಮಾರು ಎರಡು ಕಿಲೋಮೀಟರ್ ಹೋಗಬಲ್ಲದು. ‘ಹಿಂದೆ ಕಾಡಿದೆಯಲ್ಲ’ ಎನ್ನುವುದು ಉತ್ತರವಲ್ಲ. ಸಿಲ್ವರ್ ಓಕ್ ಸಾಲಿನಲ್ಲಿ ಮರಕ್ಕಿಂತ ಸಂದೇ ಹೆಚ್ಚು.

ಏರ್ ರೈಫಲ್ಲಿನ ಕತೆ ಬೇರೆ. 2008ರಲ್ಲಿ ಬೀಜಿಂಗ್‌ನಲ್ಲಿ ಚಿನ್ನ ಗೆದ್ದ ಅಭಿನವ್ ಬಿಂದ್ರಾ ಪಳಗಿದ್ದು ಮನೆಯಲ್ಲೇ ಕಟ್ಟಿಸಿದ್ದ ರೇಂಜಿನಲ್ಲಿ. ಅಲ್ಲಿ ದೂರ 10 ಮೀಟರ್, ಅರ್ಧ ಗ್ರಾಂ ಪೆಲೆಟ್, ಏಳೆಂಟು ಜೂಲ್ ಶಕ್ತಿ. ಓರೆಯಾಗಿಟ್ಟ ಉಕ್ಕಿನ ತಗಡಿನ ಪೆಟ್ಟಿಗೆ ಅದಕ್ಕೆ ಸಾಕು.

ಪಾಯಿಂಟ್ ಟೂ ಟೂಗೆ ಮಾತ್ರ ಮಣ್ಣಿನ ಬರೆಯೇ (ದಿಬ್ಬವೇ) ಬೇಕು. ಗುಂಡು ಹೊಕ್ಕಾಗ ಲಕ್ಷಾಂತರ ಕಣಗಳು ಒಂದನ್ನೊಂದು ತಳ್ಳಿ ಉಜ್ಜುತ್ತವೆ, ಶಕ್ತಿಯೆಲ್ಲ ಆ ನೂಕುನುಗ್ಗಲಲ್ಲೇ ಕರಗುತ್ತದೆ. ಆದರೆ ಬರೆಯಲ್ಲೊಂದು ಜಂಬಿಟ್ಟಿಗೆ ಕಲ್ಲಿದ್ದರೆ ಗುಂಡು ಹೊರಳಿ ಎಲ್ಲಿಗೋ ಹಾರೀತು. ಹಳೆ ಟೈರು ಪೇರಿಸಿದರೆ ಹೊಡೆದವನ ಕಡೆಗೇ ಪುಟಿದು ಬಂದೀತು. ಮುಖದ ಮಣ್ಣನ್ನು ಜರಡಿ ಹಿಡಿದೇ ಹಾಕಬೇಕು. ಎತ್ತರದ ವಿಷಯದಲ್ಲಂತೂ ಜಿಪುಣತನ ಸಲ್ಲ. ನಿಂತವನ ಕೋವಿ ನೆಲದಿಂದ ಮೀಟರೂಕಾಲು ಮೇಲಿದೆ, 25 ಮೀಟರ್ ದೂರದಲ್ಲಿ ಮೂರು ಮೀಟರಿನ ಬರೆ ಇದೆ ಅನ್ನಿ. ಅರವತ್ತು ಸೆಂಟಿಮೀಟರ್ ನಳಿಗೆಯ ತುದಿ ಮೂರು ಬೆರಳಗಲ ಎದ್ದರೆ ಸಾಕು, ಗುಂಡು ಬರೆ ದಾಟಿತು. ಎತ್ತರಕ್ಕೆ ಕಟ್ಟಿದ ಕಾಯಿಗೆ ಹೊಡೆಯುವುದಾದರೆ ಬೆನ್ನಿಗೆ ಗುಡ್ಡವೇ ಬೇಕು.

ನಿಂತ ಗುಂಡು ಮಣ್ಣಲ್ಲಿ ಸುಮ್ಮನಿರುವುದಿಲ್ಲ. ಸಾವಿರ ಗುಂಡೆಂದರೆ 2.6 ಕಿಲೋ ಸೀಸ. ಗಾಳಿ, ನೀರು ತಾಗಿ ಅದರ ಮೇಲೆ ಸೀಸದ ಕಾರ್ಬೊನೇಟಿನ ಬಿಳಿ ಪೊರೆ ಕಟ್ಟುತ್ತದೆ. ಹುಳಿ ಮಣ್ಣು ಆ ಪೊರೆಯನ್ನು ಕರಗಿಸುತ್ತದೆ, ಆಮೇಲೆ ಮಳೆ ಅದನ್ನು ತೋಡಿಗಿಳಿಸುತ್ತದೆ. ಕೊಡಗಿನಲ್ಲಿ ಮಣ್ಣೂ ಹುಳಿ, ಮಳೆಯೂ ಜೋರು. ಇದಕ್ಕೆ ಪರಿಹಾರ ಮಾತ್ರ ಕಾಫಿ ಬೆಳೆಗಾರನ ಗೋದಾಮಿನಲ್ಲೇ ಇದೆ: ಸುಣ್ಣ. ಗಿಡದ ಬುಡಕ್ಕೆ ಹಾಕುವ ಆ ಸುಣ್ಣವೇ ಬರೆಯ ಹುಳಿ ತಗ್ಗಿಸಿ ಸೀಸ ಕರಗದಂತೆ ಹಿಡಿಯುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಶೂಟಿಂಗ್ ರೇಂಜುಗಳಿಗೆ ಹೇಳುವ ಪಿಎಚ್ (ಮಣ್ಣಿನ ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಹೆಚ್ಚು) 6.5ರಿಂದ 8.5.

ಗೆಳೆಯನ ತೋಟದಲ್ಲಿ ಮುಂಗಾರಿಗೆ ಮುಂಚೆ ಬರೆಯ ಮುಖ ಕೆದಕಿ ಜರಡಿ ಹಿಡಿಯುತ್ತಾರೆ. ಹೋದ ಸಲ ನಾನೂ ಕೈಗವಸು ಹಾಕಿಕೊಂಡು ಕೂತೆ. ಜರಡಿಯಲ್ಲಿ ಉಳಿದವು ಅಣಬೆಯಂತೆ ಅರಳಿದ ಗುಂಡುಗಳು, ಹಳೆಯವಕ್ಕೆ ಬೂದಿ ಬಳಿದಂಥ ಬಿಳುಪು. ಎರಡು ಗುಂಡು ಮಾತ್ರ ಒಂದು ಬದಿಗೆ ಚಪ್ಪಟೆಯಾಗಿದ್ದವು. ಗೆಳೆಯ ಅವನ್ನು ನೋಡಿ, ಏನೂ ಹೇಳದೆ, ಕಲ್ಲು ಹುಡುಕಲು ಗುದ್ದಲಿ ಎತ್ತಿಕೊಂಡ.