ಪೀಪಾಯಿ ಎಂದರೆ ಡ್ರಮ್ ಅಲ್ಲ

ವಿಸ್ಕಿಯನ್ನು ‘ಓಕ್ ಡ್ರಮ್‌ಗಳಲ್ಲಿ ವರ್ಷಗಟ್ಟಲೆ ಇಟ್ಟು ಮಾಗಿಸುತ್ತಾರೆ’ ಎಂಬ ವಾಕ್ಯವನ್ನು ಮೊನ್ನೆ ಮತ್ತೊಮ್ಮೆ ಓದಬೇಕಾಯಿತು. ಡ್ರಮ್ ಎಂದರೆ ತಗಡನ್ನು ಸುತ್ತಿ ಬೆಸುಗೆ ಹಾಕಿದ, ಮೇಲಿಂದ ಕೆಳಗಿನವರೆಗೆ ಒಂದೇ ಸುತ್ತಳತೆಯ ಪಾತ್ರೆ. ವಿಸ್ಕಿ ಮಾಗುವುದು ಪೀಪಾಯಿಯಲ್ಲಿ. ಅದಕ್ಕೆ ಹೊಟ್ಟೆ ಇರಲೇಬೇಕು.

ಆ ಹೊಟ್ಟೆ ಅಂದಕ್ಕೆಂದು ಬಂದದ್ದಲ್ಲ. ನಡುವೆ ಅಗಲ, ತುದಿಗಳಲ್ಲಿ ಕಿರಿದಾಗಿ, ಅಂಚನ್ನು ಓರೆಯಾಗಿ ಹೆರೆದ ಸುಮಾರು 30 ಓಕ್ ಹಲಗೆಗಳನ್ನು ಕಬ್ಬಿಣದ ಬಳೆಯೊಳಗೆ ಒತ್ತೊತ್ತಾಗಿ ನಿಲ್ಲಿಸುತ್ತಾರೆ. ಮೇಲೆ ಕೂಡಿಕೊಂಡ ಹಲಗೆಗಳು ಕೆಳಗೆ ಲಂಗದ ನೆರಿಗೆಯಂತೆ ಬಿಚ್ಚಿಕೊಂಡಿರುತ್ತವೆ. ಹಬೆಗೋ ಬೆಂಕಿಯ ಕಾವಿಗೋ ಮರ ಮೆತ್ತಗಾದಾಗ ಕೆಳತುದಿಯನ್ನೂ ಎಳೆದು ಬಿಗಿದು ಇನ್ನೊಂದು ಬಳೆ ತೊಡಿಸುತ್ತಾರೆ. ನಮ್ಮ ಎತ್ತಿನ ಗಾಡಿಯ ಚಕ್ರಕ್ಕೆ ಪಟ್ಟಿಯನ್ನು ಕಾಯಿಸಿ ತೊಡಿಸುತ್ತಾರೆ. ಇಲ್ಲಿ ಕಾಯುವುದು ಮರ. ಬಳೆಯನ್ನು ಹೊಟ್ಟೆಯ ಕಡೆಗೆ ಬಡಿದಷ್ಟೂ ಹಲಗೆಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಅವುಗಳ ನಡುವೆ ಅಂಟಿಲ್ಲ, ಮೊಳೆಯಿಲ್ಲ. ನೆಟ್ಟಗಿನ ಡ್ರಮ್‌ಗೆ ಈ ಬಿಗಿ ಎಲ್ಲಿಂದ ಬರಬೇಕು? ಅಡ್ಡ ಮಲಗಿಸಿದ ಪೀಪಾಯಿಯ ಹೊಟ್ಟೆಯಷ್ಟೇ ನೆಲಕ್ಕೆ ತಾಗುವುದರಿಂದ, ತುಂಬಿದ್ದರೂ ಒಬ್ಬನೇ ಅದನ್ನು ಉರುಳಿಸಿ ಬೇಕಾದ ದಿಕ್ಕಿಗೆ ತಿರುಗಿಸಬಲ್ಲ.

ಇನ್ನು ‘ಬ್ಯಾರೆಲ್’. ಇದು ಅಷ್ಟು ದೊಡ್ಡ ತಪ್ಪಲ್ಲ, ಆದರೆ ತಪ್ಪೇ. ಸ್ಕಾಟ್ಲೆಂಡ್‌ನ ಉಗ್ರಾಣಗಳಲ್ಲಿ ಎಲ್ಲ ಪೀಪಾಯಿಗಳ ಹೆಸರು ಕ್ಯಾಸ್ಕ್. ಬ್ಯಾರೆಲ್ ಅದರಲ್ಲೊಂದು ಅಳತೆ, ಸುಮಾರು 200 ಲೀಟರ್. ಹಾಗ್ಸ್‌ಹೆಡ್ ಸುಮಾರು 250, ಬಟ್ ಸುಮಾರು 500. ‘500 ಲೀಟರಿನ ಬ್ಯಾರೆಲ್’ ಎನ್ನುವುದು ‘ಎರಡು ಸೇರಿನ ಪಾವು’ ಎಂದಂತೆ. ಬ್ಯಾರೆಲ್ಲೇ ಹೆಚ್ಚು ಕಣ್ಣಿಗೆ ಬೀಳಲು ಕಾರಣವಿದೆ: ಅಮೆರಿಕದ ಬರ್ಬನ್ ಎಂಬ ವಿಸ್ಕಿಗೆ ಒಳಗೋಡೆ ಸುಟ್ಟ ಹೊಸ ಓಕ್ ಪಾತ್ರೆಯೇ ಆಗಬೇಕೆಂದು ಅಲ್ಲಿನ ಕಾನೂನು ಹೇಳುತ್ತದೆ. ಅದಕ್ಕೆ ಸಾಮಾನ್ಯವಾಗಿ ಬಳಸುವುದು ಬ್ಯಾರೆಲ್‌ಗಳನ್ನೇ. ಒಮ್ಮೆ ಬಳಸಿದ ಮೇಲೆ ಅವು ಸ್ಕಾಟ್ಲೆಂಡ್‌ಗೆ ಹಡಗು ಹತ್ತುತ್ತವೆ.

ನನಗೆ ಬೇಸರ ಬೇರೆಯದೇ. ಇಷ್ಟು ಒಪ್ಪುವ ಪದ ಕೈಯಲ್ಲಿದ್ದೂ ಬಿಟ್ಟುಬಿಡುತ್ತೇವೆ. ಪೀಪಾಯಿ ಪೋರ್ಚುಗೀಸರ ‘ಪಿಪಾ’ದಿಂದ ಬಂದದ್ದು. ಅವರಲ್ಲಿ ಪಿಪಾ ಎಂದರೆ ದ್ರಾಕ್ಷಾರಸ ತುಂಬುವ ಮರದ ಪೀಪಾಯಿಯೇ. ಡಾಂಬರಿಗೂ ಎಣ್ಣೆಗೂ ನಾವು ಅದನ್ನು ಹಂಚಿದ್ದು ಆಮೇಲೆ. ಪೋರ್ಟ್ ವೈನ್‌ನ ಪಿಪಾ ಇಂದಿಗೂ ಸುಮಾರು 550 ಲೀಟರ್ ಹಿಡಿಯುತ್ತದೆ. ಅದು ಖಾಲಿಯಾಗಿ ವಿಸ್ಕಿ ತುಂಬಿಸಿಕೊಂಡಾಗ ಇಂಗ್ಲಿಷಿನಲ್ಲಿ ‘ಪೋರ್ಟ್ ಪೈಪ್’ ಎನ್ನುತ್ತಾರೆ. ಆ ‘ಪೈಪ್’ ಕೊಳವೆಯಲ್ಲ, ನಮ್ಮ ಪೀಪಾಯಿಯ ಒಡಹುಟ್ಟು.